ಸಂಗಮದಿಂದ ಕುಲುಮೆಯವರೆಗೆ

ಪಿಟ್ಸ್‌ಬರ್ಗ್ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಅಪ್ಪನ ಬಾಯಲ್ಲಿ. ಅವರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ, ಬ್ಲಾಸ್ಟ್ ಫರ್ನೆಸ್ ವಿಭಾಗದಲ್ಲಿದ್ದರು. ನೈಟ್ ಶಿಫ್ಟ್ ಮುಗಿಸಿ ಬಂದ ಬೆಳಿಗ್ಗೆಗಳಲ್ಲಿ ನ್ಯೂಟೌನಿನ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಕಾಫಿ ಕುಡಿಯುತ್ತಾ, ಕಾರ್ಖಾನೆಯಲ್ಲಿ ಹಿರಿಯರಿಂದ ಕೇಳಿದ ಸುದ್ದಿಗಳನ್ನು ನಮಗೆ ದಾಟಿಸುತ್ತಿದ್ದರು. ಅಮೆರಿಕದಲ್ಲಿ ಪಿಟ್ಸ್‌ಬರ್ಗ್ ಅಂತ ಒಂದು ಊರಿದೆಯಂತೆ, ಅಲ್ಲಿ ಹೊಳೆಯ ಎರಡೂ ದಡಕ್ಕೆ ಮೈಲಿಗಟ್ಟಲೆ ಕುಲುಮೆಗಳಂತೆ, ಹಗಲು ಹೊತ್ತಿನಲ್ಲೂ ಬೀದಿ ದೀಪ ಹಚ್ಚುತ್ತಾರಂತೆ. ನಮಗೆ ಅದು ನಂಬುವಂಥದ್ದೇ ಆಗಿತ್ತು. ನಮ್ಮೂರಲ್ಲೂ ರಾತ್ರಿ ಕಿಟ್ಟ ಸುರಿದಾಗ ಆಕಾಶ ಕೆಂಪಾಗುತ್ತಿತ್ತು. ಭದ್ರಾವತಿಗೆ ಹಿಂದೆ ಬೆಂಕಿಪುರ ಅಂತಲೇ ಹೆಸರು.

ಅಪ್ಪ ಹೋಗಿ ಬಹಳ ವರ್ಷಗಳ ಮೇಲೆ ಮಗಳು ಕೆಲಸ ಸಿಕ್ಕಿ ಹೋದದ್ದು ಅದೇ ಪಿಟ್ಸ್‌ಬರ್ಗಿಗೆ. ಕೆಲಸ ಕಬ್ಬಿಣದ್ದಲ್ಲ, ಔಷಧ ಸಂಶೋಧನೆಯದು. ಆ ಊರಲ್ಲಿ ಈಗ ಅನ್ನ ಹಾಕುತ್ತಿರುವುದು ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳು. ಉಕ್ಕಿನ ಕಂಪನಿಯ ಹೆಸರು ಹೊತ್ತ 64 ಮಹಡಿಯ ಕಟ್ಟಡವೊಂದು ಊರ ನಡುವೆ ನಿಂತಿದೆ. ಅದರ ನೆತ್ತಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದಿರುವುದು ಮಾತ್ರ ಆಸ್ಪತ್ರೆ ಸಂಸ್ಥೆಯೊಂದರ ಹೆಸರು. ನಾನು ಮತ್ತು ನನ್ನ ಹೆಂಡತಿ ಒಂದು ಬೇಸಿಗೆಯಲ್ಲಿ ಅಲ್ಲಿಗೆ ಹೋದಾಗ ಹೊಗೆಯ ಸುಳಿವಿರಲಿಲ್ಲ. ಹಸಿರು ಗುಡ್ಡ, ಹಳದಿ ಬಣ್ಣದ ಸೇತುವೆಗಳು, ಕನ್ನಡಿಯ ಕಟ್ಟಡಗಳು. ಅಪ್ಪ ಹೇಳಿದ ಊರು ಎಲ್ಲಿ ಹೋಯಿತು ಎಂಬ ಪ್ರಶ್ನೆ ಅಲ್ಲಿಂದಲೇ ಶುರುವಾಯಿತು.

ಮಗಳು ಮೊದಲು ಕರೆದುಕೊಂಡು ಹೋಗಿದ್ದು ಪಾಯಿಂಟ್ ಪಾರ್ಕಿಗೆ. ಈಶಾನ್ಯದಿಂದ ಅಲೆಘೇನಿ ಬರುತ್ತದೆ, ದಕ್ಷಿಣದಿಂದ ಮೊನಾಂಗಹೀಲಾ. ಎರಡೂ ಸೇರಿ ಓಹಾಯೊ ನದಿಯಾಗಿ ಅಲ್ಲಿಂದ ಸುಮಾರು 1,580 ಕಿಲೋಮೀಟರ್ ಹರಿದು ಮಿಸಿಸಿಪಿಗೆ ಸೇರುತ್ತದೆ. ಸಂಗಮದ ಆ ಮೂರು ಮೂಲೆಯ ನೆಲವೇ ಪಾರ್ಕು, 36 ಎಕರೆ. ಊರ ಕಡೆಯಿಂದ ಬಂದರೆ ಹೆದ್ದಾರಿಯ ಕೆಳಗೆ ಅಗಲವಾದ, ತಗ್ಗಾದ ಕಮಾನೊಂದನ್ನು ದಾಟಬೇಕು. ದಾಟಿದ ಕೂಡಲೇ ಕಟ್ಟಡಗಳೆಲ್ಲ ಹಿಂದೆ ಉಳಿದು ಎದುರಿಗೆ ಬಯಲು ಹುಲ್ಲು, ತುದಿಯಲ್ಲಿ 150 ಅಡಿ ಎತ್ತರಕ್ಕೆ ಚಿಮ್ಮುವ ಕಾರಂಜಿ.

"ರೀ, ಇದು ನಮ್ಮ ಕೂಡ್ಲಿ ಇದ್ದ ಹಾಗೇ ಇದೆಯಲ್ರೀ" ಅಂದಳು ನನ್ನ ಹೆಂಡತಿ. ತುಂಗೆ ಭದ್ರೆ ಸೇರುವ ಕೂಡ್ಲಿಗೆ ನಮ್ಮೂರಿಂದ ಬಸ್ಸಿನಲ್ಲಿ ಹೋಗಿ ಮಿಂದು ಬರುವುದು ನಮ್ಮ ಎರಡೂ ಮನೆಗಳ ರೂಢಿ. ಇಲ್ಲಿ ಗುಡಿಯಿಲ್ಲ, ಮಠವಿಲ್ಲ. ಮೆಟ್ಟಿಲುಗಳು ಮಾತ್ರ ನೀರಿನವರೆಗೂ ಇವೆ. ಅವಳು ಅತ್ತಿತ್ತ ನೋಡಿ, ಚಪ್ಪಲಿ ಬಿಟ್ಟು, ಬಗ್ಗಿ ನೀರು ತೆಗೆದು ತಲೆಗೆ ಪ್ರೋಕ್ಷಣೆ ಮಾಡಿಕೊಂಡೇ ಬಿಟ್ಟಳು. "ಅಮ್ಮಾ, ದೋಣಿಗಳ ಡೀಸೆಲ್ ಇರತ್ತೆ ಅದರಲ್ಲಿ" ಅಂತ ಮಗಳು ಕೂಗಿದಳು. "ಕೂಡ್ಲೀಲಿ ಏನು ಪನ್ನೀರು ಹರಿಯತ್ತಾ?" ಅಂದು ನನ್ನ ತಲೆಗೂ ನಾಲ್ಕು ಹನಿ ಹಾಕಿದಳು.

ಈ ಹೋಲಿಕೆ ಅವಳೊಬ್ಬಳಿಗೆ ಹೊಳೆದದ್ದಲ್ಲ. ಊರಂಚಿನ ಪೆನ್ ಹಿಲ್ಸ್ ಗುಡ್ಡದಲ್ಲಿ 1970ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಸ್ಥಾನವಿದೆ, ಅಮೆರಿಕದ ಮೊದಮೊದಲ ಹಿಂದೂ ದೇವಸ್ಥಾನಗಳಲ್ಲಿ ಒಂದು. ಅದನ್ನು ಕಟ್ಟಿದವರು ತಮ್ಮ ಪ್ರಕಟಣೆಗಳಲ್ಲಿ ಈ ಸಂಗಮವನ್ನು ತ್ರಿವೇಣಿಗೆ ಹೋಲಿಸಿಕೊಂಡಿದ್ದರು. ಗುಪ್ತಗಾಮಿನಿ ಸರಸ್ವತಿಯ ಜಾಗಕ್ಕೂ ಅವರಿಗೆ ಕೊರತೆಯಾಗಲಿಲ್ಲ. ಪಿಟ್ಸ್‌ಬರ್ಗಿನ ಕೆಳಗೆ, ಹಿಮಯುಗ ಬಿಟ್ಟು ಹೋದ ಮರಳು ಮತ್ತು ಜಲ್ಲಿಯ ಪದರದಲ್ಲಿ, ನಿಜವಾಗಿಯೂ ನೀರು ಹರಿಯುತ್ತದೆ. ಊರಿನವರು ಅದನ್ನು ನಾಲ್ಕನೆಯ ನದಿ ಅನ್ನುತ್ತಾರೆ. ಕಾರಂಜಿ ಚಿಮ್ಮಿಸುವುದು ಆ ನೀರನ್ನೇ. ಇದನ್ನು ಕೇಳಿದ ಮೇಲೆ ನನ್ನ ಹೆಂಡತಿಗೆ ಅಲ್ಲಿ ಗುಡಿಯಿಲ್ಲದ ಕೊರಗೂ ಹೋಯಿತು.

ನಾನು ಹುಲ್ಲಿನ ಮೇಲೆ ಹಾಕಿದ ಗೆರೆಗಳನ್ನು ನೋಡುತ್ತಾ ನಡೆದೆ. ಫ್ರೆಂಚರು 1754ರಲ್ಲಿ ಕಟ್ಟಿದ ಫೋರ್ಟ್ ಡುಕೇನ್ ಎಲ್ಲಿತ್ತು ಎಂಬುದನ್ನು ನೆಲದಲ್ಲಿ ಕಲ್ಲು ಕೂರಿಸಿ ತೋರಿಸಿದ್ದಾರೆ. ಅದಕ್ಕೂ ಮೊದಲಿನ ವರ್ಷ, ಇಪ್ಪತ್ತೊಂದರ ಹುಡುಗ ಜಾರ್ಜ್ ವಾಷಿಂಗ್ಟನ್ ಇಲ್ಲಿ ನಿಂತು, ಎರಡೂ ನದಿಗಳ ಮೇಲೆ ಹಿಡಿತ ಸಿಗುವ ಈ ಜಾಗ ಕೋಟೆಗೆ ಹೇಳಿ ಮಾಡಿಸಿದ್ದು ಎಂದು ತನ್ನ ದಿನಚರಿಯಲ್ಲಿ ಬರೆದುಕೊಂಡಿದ್ದ. ವರ್ಜೀನಿಯಾದವರು ಕೋಟೆ ಕಟ್ಟಲು ಶುರುಮಾಡಿದರು, ಫ್ರೆಂಚರು ಬಂದು ಅವರನ್ನು ಓಡಿಸಿ ತಮ್ಮದನ್ನು ಕಟ್ಟಿದರು. 1758ರಲ್ಲಿ ಬ್ರಿಟಿಷ್ ಸೈನ್ಯ ಹತ್ತಿರ ಬಂದಾಗ ಫ್ರೆಂಚರೇ ಅದಕ್ಕೆ ಬೆಂಕಿಯಿಟ್ಟು ಹೊರಟರು. ಆ ಬೂದಿಯ ಪಕ್ಕ ಬ್ರಿಟಿಷರು ಕಟ್ಟಿದ್ದು ಫೋರ್ಟ್ ಪಿಟ್. ಕೋಟೆಗೂ ಊರಿಗೂ ಹೆಸರು ಬಂದದ್ದು ಬ್ರಿಟಿಷ್ ಮಂತ್ರಿ ವಿಲಿಯಂ ಪಿಟ್‌ನಿಂದ. ಕೋಟೆಯ ಒಂದು ಕೊತ್ತಳವನ್ನು ಮತ್ತೆ ಕಟ್ಟಿ ಅದರೊಳಗೆ 1969ರಲ್ಲಿ ವಸ್ತುಸಂಗ್ರಹಾಲಯ ತೆರೆದಿದ್ದಾರೆ.

ಜಗಳವಾಡಿದ ಇಬ್ಬರದೂ ಅಲ್ಲದ ನೆಲ ಅದು. ಲೆನಾಪೆ, ಶಾವ್ನಿ, ಸೆನೆಕಾ ಜನರ ಹೊಳೆ, ಕಾಡು, ಬೇಟೆಯ ದಾರಿ. 1763ರಲ್ಲಿ ಅವರು ಕೋಟೆಯನ್ನು ಮುತ್ತಿದಾಗ, ಮಾತುಕತೆಗೆ ಬಂದ ಲೆನಾಪೆ ಪ್ರತಿನಿಧಿಗಳಿಗೆ ಕೋಟೆಯವರು ಸಿಡುಬಿನ ಆಸ್ಪತ್ರೆಯ ಕಂಬಳಿಗಳನ್ನು ಉಡುಗೊರೆಯಾಗಿ ಕೊಟ್ಟರು. ಅದು ಬಾಯಿಮಾತಿನ ಕತೆಯಲ್ಲ, ಕೋಟೆಯಲ್ಲಿದ್ದ ವ್ಯಾಪಾರಿಯೊಬ್ಬ ತಾನೇ ದಿನಚರಿಯಲ್ಲಿ ಬರೆದಿಟ್ಟದ್ದು. ಹೊರಗೆ ಮಕ್ಕಳು ಕಾರಂಜಿಯ ನೀರಿಗೆ ಮೈಯೊಡ್ಡಿ ಕಿರುಚುತ್ತಿದ್ದರು. ಅದೇ ನೆಲದ ಮೇಲೆ ಆ ಕಂಬಳಿಗಳು ಕೈ ಬದಲಿಸಿದ್ದವು.

ಇಷ್ಟೆಲ್ಲ ಯುದ್ಧದಲ್ಲಿ ಅಸಲಿ ಕಟ್ಟಡವಾಗಿ ಉಳಿದಿರುವುದು ಒಂದೇ ಒಂದು: 1764ರ ಬ್ಲಾಕ್ ಹೌಸ್. ನಮ್ಮ ಕಡೆಯ ತೋಟದ ಮನೆಗಿಂತ ದೊಡ್ಡದಲ್ಲ. ಇಟ್ಟಿಗೆಯ ಗೋಡೆ, ನಡುವೆ ಮರದ ದಿಮ್ಮಿಗಳಲ್ಲಿ ಬಂದೂಕಿನ ನಳಿಗೆ ತೂರಿಸುವ ಕಿಂಡಿಗಳು. ಪಶ್ಚಿಮ ಪೆನ್ಸಿಲ್ವೇನಿಯಾದಲ್ಲೇ ಇದಕ್ಕಿಂತ ಹಳೆಯ ಕಟ್ಟಡವಿಲ್ಲ. ಕೋಟೆ ಪೂರ್ತಿ ಹೋದರೂ ಇದೊಂದು ಹೇಗೆ ಉಳಿಯಿತು ಎಂದು ಅಲ್ಲಿದ್ದ ಮಹಿಳೆಯನ್ನು ಕೇಳಿದೆ. ಕಾರಣ ಸರಳ. ಸಿಪಾಯಿಗಳು ಹೋದ ಮೇಲೆ ಸಂಸಾರಸ್ಥರು ಬಂದರು. ನೂರು ವರ್ಷಕ್ಕೂ ಹೆಚ್ಚು ಕಾಲ ಅದು ವಾಸದ ಮನೆಯಾಗಿತ್ತು. ಒಲೆ ಉರಿಯುವ ಮನೆಯನ್ನು ಯಾರೂ ಕೆಡವಲಿಲ್ಲ. 1894ರಲ್ಲಿ ಜಮೀನಿನ ಒಡತಿ ಮೇರಿ ಶೆನ್ಲೆ ಅದನ್ನು ಅಮೆರಿಕನ್ ಕ್ರಾಂತಿಯ ವಂಶಸ್ಥ ಮಹಿಳೆಯರ ಸಂಘಕ್ಕೆ ದಾನ ಕೊಟ್ಟರು. ಮುಂದೆ ರೈಲ್ವೆಯವರು ಸುತ್ತಲಿನ ಜಾಗವನ್ನೆಲ್ಲ ಹಿಡಿದು ಇದನ್ನೂ ಎತ್ತಿಸಲು ನೋಡಿದಾಗ ಆ ಹೆಂಗಸರು ವರ್ಷಗಟ್ಟಲೆ ಹೋರಾಡಿ ಉಳಿಸಿಕೊಂಡರು.

ರೈಲ್ವೆ ಎಂಬ ಮಾತು ಬಂದಾಗ ನಾನು ಸುತ್ತ ನೋಡಿದೆ. ಹಳಿಯ ತುಂಡೂ ಇರಲಿಲ್ಲ. ಆದರೆ ಇಪ್ಪತ್ತನೆಯ ಶತಮಾನದ ಮೊದಲ ಅರ್ಧ ಪೂರ್ತಿ ಈ ಮೂಲೆಯಲ್ಲಿ ಇದ್ದದ್ದು ಗೂಡ್ಸ್ ಯಾರ್ಡು, ಗೋದಾಮು, ಕೂಲಿಕಾರರ ಮನೆ. 1936ರ ಮಾರ್ಚಿನಲ್ಲಿ ಹಿಮ ಕರಗಿ, ಮಳೆಯೂ ಸುರಿದು, 25 ಅಡಿಗೆ ಅಪಾಯದ ಮಟ್ಟ ಮುಟ್ಟುವ ನದಿ 46 ಅಡಿಗೆ ಏರಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಊರು ಹೊಗೆಯಿಂದ, ಪ್ರವಾಹದಿಂದ ಬೇಸತ್ತಿತ್ತು. ಕಚೇರಿಗೆ ಹೋಗುವವರು ಮಧ್ಯಾಹ್ನಕ್ಕೆ ಇನ್ನೊಂದು ಬಿಳಿ ಅಂಗಿ ಒಯ್ಯುತ್ತಿದ್ದ ಕಾಲ. ಅಪ್ಪ ಹೇಳಿದ ಹಗಲು ದೀಪವೂ ಸುಳ್ಳಲ್ಲ, ಅದರ ಫೋಟೋಗಳಿವೆ. ಮೇಯರ್ ಡೇವಿಡ್ ಲಾರೆನ್ಸ್ ಮತ್ತು ಬ್ಯಾಂಕಿಂಗ್ ಮನೆತನದ ರಿಚರ್ಡ್ ಕಿಂಗ್ ಮೆಲ್ಲನ್ ಕೈಜೋಡಿಸಿ ಹೊಗೆ ನಿಯಂತ್ರಣ ಕಾನೂನನ್ನು ಜಾರಿಗೆ ತಂದರು, ಊರನ್ನು ತೊಳೆಯಲು ಹೊರಟರು. 1950ರಲ್ಲಿ ಈ ಮೂಲೆಯ ಕಟ್ಟಡಗಳನ್ನು ಕೆಡವಲು ಶುರು ಮಾಡಿದರು. ಕಾರಂಜಿ ಚಿಮ್ಮಿದ್ದು 1974ರಲ್ಲಿ.

ಚೊಕ್ಕಟವಾದ ಕೆಲಸವೇ. ಆದರೂ ಒಂದು ಲೆಕ್ಕ ನನಗೆ ಹೊಂದಲಿಲ್ಲ. ಕೋಟೆಗಳು ಇಲ್ಲಿದ್ದದ್ದು ನಾಲ್ಕು ದಶಕಗಳಷ್ಟು. ಊರನ್ನು ಊರಾಗಿಸಿದ ಕಲ್ಲಿದ್ದಲು, ರೈಲು, ಉಕ್ಕು ಒಂದು ಶತಮಾನಕ್ಕೂ ಮಿಕ್ಕಿ ಇದ್ದವು. ಪಾರ್ಕು ನೆನಪಿಟ್ಟುಕೊಂಡದ್ದು ಸಿಪಾಯಿಗಳನ್ನು. ಮೂಟೆ ಹೊತ್ತವರಿಗೆ ಒಂದು ಗೆರೆಯೂ ಹುಲ್ಲಿನ ಮೇಲೆ ಇಲ್ಲ.

ಇದಕ್ಕೆ ಉತ್ತರ ಹೇಳಿದ್ದು ಮೆಟ್ಟಿಲ ಮೇಲೆ ಗಾಳ ಹಾಕಿ ಕೂತಿದ್ದ ಒಬ್ಬ ಮುದುಕ. ಮಗಳು ಅವನೊಂದಿಗೆ ಮಾತಿಗಿಳಿದು, ನಮ್ಮ ತಾತ ಕುಲುಮೆಯಲ್ಲಿದ್ದರು, ಇಂಡಿಯಾದಲ್ಲಿ ಅಂದಳು. ಅವನು ತಲೆಯೆತ್ತಿ ನನ್ನನ್ನು ಪೂರ್ತಿ ನೋಡಿದ. ತಾನೂ ತನ್ನ ಅಪ್ಪನೂ ಸೌತ್ ಸೈಡಿನ ಜೋನ್ಸ್ ಅಂಡ್ ಲಾಫ್ಲಿನ್ ಕಾರ್ಖಾನೆಯಲ್ಲಿದ್ದೆವು ಎಂದ. ಇಲ್ಲಿರುವುದು ಪಟಾಲಮ್ಮಿನವರ ಕತೆ, ನಮ್ಮ ಕತೆ ಬೇಕಿದ್ದರೆ ಮೊನಾಂಗಹೀಲಾ ಹಿಡಿದು ಮೇಲಕ್ಕೆ ನಡೆಯಬೇಕು, ದಾರಿ ಇಲ್ಲಿಂದಲೇ ಶುರುವಾಗುತ್ತದೆ ಎಂದು ಕೈ ತೋರಿಸಿದ.

ಅಲ್ಲಿಂದಲೇ ಶುರುವಾಗುವ ಆ ದಾರಿಯ ಹೆಸರು ಗ್ರೇಟ್ ಅಲೆಘೇನಿ ಪ್ಯಾಸೇಜ್. 150 ಮೈಲಿ, ಬಹುಪಾಲು ಕಿತ್ತುಹಾಕಿದ ರೈಲು ಹಳಿಗಳ ಜಾಗದಲ್ಲಿ, ಮೇರಿಲ್ಯಾಂಡಿನ ಕಂಬರ್ಲ್ಯಾಂಡ್‌ವರೆಗೆ ಹೋಗುತ್ತದೆ. ಅಲ್ಲಿಂದ ಹಳೆಯ ಕಾಲುವೆಯೊಂದರ ದಡದ ದಾರಿ ಹಿಡಿದರೆ ವಾಷಿಂಗ್ಟನ್‌ವರೆಗೂ ವಾಹನದ ಕಾಟವಿಲ್ಲದೆ ಹೋಗಬಹುದು. ಪೂರ್ತಿ ದಾರಿ ಸಿದ್ಧವಾದದ್ದು 2013ರಲ್ಲಿ. ನಮಗೆ ಬೇಕಿದ್ದದ್ದು ಮೊದಲ ಕೆಲವು ಮೈಲಿ ಮಾತ್ರ. ಅವನ್ನೂ ಒಂದೇ ಸಲಕ್ಕೆ ಮುಗಿಸಲಿಲ್ಲ. ಮೊಣಕಾಲು ಒಪ್ಪಿದಷ್ಟು ನಡೆದು, ಅಳಿಯನಿಗೆ ಫೋನು ಮಾಡಿ ಕಾರು ತರಿಸಿಕೊಂಡು, ಇನ್ನೊಂದು ದಿನ ನಿಲ್ಲಿಸಿದಲ್ಲಿಂದ ಮುಂದುವರಿಸುತ್ತಿದ್ದೆವು.

ಊರೊಳಗಿನ ಆ ತುಂಡಿಗೆ ಎಲೈಝಾ ಫರ್ನೆಸ್ ಟ್ರೇಲ್ ಅಂತ ಹೆಸರು, ಅಲ್ಲಿದ್ದ ಕುಲುಮೆಗಳ ಹೆಸರೇ. ಜೈಲಿನ ಪಕ್ಕ ಹಾದುಹೋಗುವುದರಿಂದ ಜನ ಕರೆಯುವುದು ಜೈಲ್ ಟ್ರೇಲ್ ಅಂತ. ಎಡಕ್ಕೆ ಹೆದ್ದಾರಿಯ ಸದ್ದು, ಬಲಕ್ಕೆ ಹೊಳೆ. ಕಲ್ಲಿದ್ದಲು ತುಂಬಿದ ದೋಣಿಗಳನ್ನು ಸಾಲಾಗಿ ಕಟ್ಟಿ ತಳ್ಳಿಕೊಂಡು ಹೋಗುವ ಟಗ್ ಬೋಟುಗಳು ಈಗಲೂ ಓಡಾಡುತ್ತವೆ. ಅದನ್ನು ಕಂಡು ನನಗೆ ಸಮಾಧಾನವಾಯಿತು, ಈ ಹೊಳೆ ಇನ್ನೂ ನಿವೃತ್ತಿಯಾಗಿಲ್ಲ. ನಮ್ಮ ಕುಲುಮೆಗೆ ಕಲ್ಲಿದ್ದಲಿನ ಭಾಗ್ಯವಿರಲಿಲ್ಲ. ವಿಶ್ವೇಶ್ವರಯ್ಯನವರ ಕಾಲದಲ್ಲಿ ಯೋಜನೆಯಾಗಿ 1923ರಲ್ಲಿ ಹೊತ್ತಿದ ಭದ್ರಾವತಿಯ ಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ. ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು. ಇಲ್ಲಿ ಗುಡ್ಡದ ಹೊಟ್ಟೆ ಬಗೆದರು, ಅಲ್ಲಿ ಗುಡ್ಡದ ಮೇಲಿನ ಕಾಡು ಕಡಿದರು. ಕಬ್ಬಿಣ ಎಲ್ಲಿಯೂ ಬಿಟ್ಟಿ ಸಿಕ್ಕಿಲ್ಲ.

ಸ್ವಲ್ಪ ದೂರದಲ್ಲಿ ದಾರಿ ತಿರುಗಿ ಹೊಳೆ ದಾಟುವುದು ಹಾಟ್ ಮೆಟಲ್ ಬ್ರಿಡ್ಜ್ ಮೇಲೆ. ಎಲೈಝಾ ಕುಲುಮೆಗಳಲ್ಲಿ ಕರಗಿದ ಕಬ್ಬಿಣವನ್ನು ದ್ರವವಾಗಿಯೇ ಲ್ಯಾಡಲ್‌ಗಳಿಗೆ ತುಂಬಿ, ರೈಲಿನಲ್ಲಿ ಈ ಸೇತುವೆ ದಾಟಿಸಿ, ಆಚೆ ದಡದಲ್ಲಿ ಉಕ್ಕು ಮಾಡುತ್ತಿದ್ದರು. ನೀರಿನ ಮೇಲೆ ಬೆಂಕಿಯ ಮೆರವಣಿಗೆ! ಕಾರ್ಖಾನೆ 1980ರ ದಶಕದಲ್ಲಿ ನಿಂತಿತು. ಸೇತುವೆ 2007ರಿಂದ ನಡೆಯುವವರಿಗೂ ಸೈಕಲ್ಲಿನವರಿಗೂ ತೆರೆದಿದೆ. ಆಚೆ ದಡದಲ್ಲಿ ಈಗ ಅಂಗಡಿ, ಹೋಟೆಲು. ಗಾಳ ಹಾಕಿದ ಮುದುಕ ದುಡಿದ ಜಾಗವೇ ಅದು. ನಾವು ಐಸ್‌ಕ್ರೀಮ್ ತಿಂದದ್ದೂ ಅಲ್ಲೇ.

ಹೋಮ್‌ಸ್ಟೆಡ್ ತಲುಪಿದ್ದು ಬೇರೊಂದು ದಿನ. ಉಕ್ಕಿನ ಉದ್ಯಮಿ ಕಾರ್ನೆಗಿಯ ಕಾರ್ಖಾನೆಯಿದ್ದ ಊರು. 1892ರಲ್ಲಿ ಕೂಲಿ ಕಡಿತಕ್ಕೆ ಒಪ್ಪದ ಕಾರ್ಮಿಕರನ್ನು ಅವನ ಪಾಲುದಾರ ಹೆನ್ರಿ ಕ್ಲೇ ಫ್ರಿಕ್ ಹೊರಗಿಟ್ಟು ಬೀಗ ಹಾಕಿಸಿದ. ಕಾವಲಿಗೆ ಪಿಂಕರ್ಟನ್ ಸಂಸ್ಥೆಯ ಸುಮಾರು 300 ಜನರನ್ನು ದೋಣಿಗಳಲ್ಲಿ ತರಿಸಿದ. ಜುಲೈ 6ರ ಬೆಳಗಿನ ಜಾವ ದಡದಲ್ಲಿ ಕಾರ್ಮಿಕರು, ಅವರ ಹೆಂಡಿರು ಮಕ್ಕಳು ಎದುರಾದರು. ಗುಂಡು ಹಾರಿತು, ಎರಡೂ ಕಡೆ ಹೆಣ ಬಿದ್ದವು. ಕೊನೆಗೆ ರಾಜ್ಯದ ಪಡೆಗಳು ಬಂದವು, ಸಂಘ ಸೋತಿತು. ಆ ದೋಣಿಗಳು ಬಂದು ತಾಗಿದ ದಡದಲ್ಲಿ ಇಟ್ಟಿಗೆಯ ಪಂಪ್ ಹೌಸ್ ಇನ್ನೂ ಇದೆ, ದಾರಿ ಅದರ ಮಗ್ಗುಲಲ್ಲೇ ಹಾಯುತ್ತದೆ. ಕಾರ್ಖಾನೆ 1986ರಲ್ಲಿ ಮುಚ್ಚಿ, ಅದರ ಜಾಗದಲ್ಲಿ ಮಾಲ್ ಎದ್ದಿದೆ. ಹನ್ನೆರಡು ಹೊಗೆ ಕೊಳವೆಗಳು ಮಾತ್ರ ಸಾಲಾಗಿ ನಿಂತಿವೆ, ಹೊಗೆಗೆ ಕೆಳಗೆ ಒಲೆಯೇ ಇಲ್ಲ. ಪಿಟ್ಸ್‌ಬರ್ಗಿನಲ್ಲಿ ಗ್ರಂಥಾಲಯ, ವಸ್ತುಸಂಗ್ರಹಾಲಯ, ವಿಶ್ವವಿದ್ಯಾಲಯ ಎಲ್ಲಕ್ಕೂ ಕಾರ್ನೆಗಿಯ ಹೆಸರಿದೆ. ಗುಂಡು ತಿಂದವರ ಹೆಸರು ಓದಬೇಕಾದರೆ ಇಷ್ಟು ದೂರ ನಡೆಯಬೇಕು.

ನದಿಯ ಆಚೆ ಕ್ಯಾರಿ ಫರ್ನೆಸಿನ ಎರಡು ಕುಲುಮೆಗಳಿವೆ. 1907ರಿಂದ 1978ರವರೆಗೆ ಹೋಮ್‌ಸ್ಟೆಡ್‌ಗೆ ಕಬ್ಬಿಣ ಒದಗಿಸಿದವು, ಈಗ ರಾಷ್ಟ್ರೀಯ ಸ್ಮಾರಕ. ತುಕ್ಕು ಹಿಡಿದು, ಕೊಳವೆಗಳ ಮೈಮೇಲೆ ಗಿಡ ಬೆಳೆದು ನಿಂತಿವೆ. ಹೆಲ್ಮೆಟ್ ಹಾಕಿಸಿ ಒಳಗೆ ಕರೆದೊಯ್ದರು. ಭದ್ರಾವತಿಯಲ್ಲಿ ಹುಟ್ಟಿ ಬೆಳೆದರೂ ನಾನು ಕುಲುಮೆಯ ಬುಡದಲ್ಲಿ ನಿಂತದ್ದು ಅದೇ ಮೊದಲು. ನಮ್ಮೂರಲ್ಲಿ ಮಕ್ಕಳಿಗೆ ಗೇಟಿನವರೆಗೆ ಮಾತ್ರ ಪ್ರವೇಶ, ಅದೂ ಬುತ್ತಿ ಕೊಡಲಿಕ್ಕೆ.

ಗೈಡು ವಿವರಿಸತೊಡಗಿದ. ಕಬ್ಬಿಣ ಇಳಿಯುವ ಬಾಯಿಗೆ ಜೇಡಿಮಣ್ಣಿನ ಬಿರಡೆ. ಹೊತ್ತಿಗೆ ಸರಿಯಾಗಿ ಅದನ್ನು ಕೊರೆದರೆ ಕೆಂಪು ಧಾರೆ ಮರಳಿನಲ್ಲಿ ತೋಡಿದ ಕಾಲುವೆಗಳಲ್ಲಿ ಹರಿಯುತ್ತದೆ. ಮೇಲೆ ತೇಲುವ ಕಿಟ್ಟವನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಮರಳು ಹಸಿಯಿದ್ದರೆ ಸಿಡಿಯುತ್ತದೆ. ಅವನು ಮುಂದಿನ ಮಾತು ಹೇಳುವ ಮೊದಲೇ ನನಗೆ ಅದು ಗೊತ್ತಿತ್ತು, ಅಪ್ಪ ಎಷ್ಟೋ ಸಲ ಹೇಳಿದ್ದು. ಅವರ ಎಡ ಮುಂಗೈಯಲ್ಲಿ ಹೊಳೆಯುವ ಕಲೆಗಳಿದ್ದವು. ಚಿಕ್ಕಂದಿನಲ್ಲಿ ನಾನು ಅವನ್ನು ಬೆರಳಿಟ್ಟು ಎಣಿಸುತ್ತಿದ್ದೆ. ಅವು ಎಲ್ಲಿ, ಯಾವ ದೂರದಲ್ಲಿ ನಿಂತಾಗ ಬಿದ್ದವು ಎಂಬುದು ನನಗೆ ಕಣ್ಣಿಗೆ ಕಟ್ಟಿದ್ದು ಸಾವಿರಾರು ಮೈಲಿ ಆಚೆಯ ಈ ತಣ್ಣಗಿನ ಕುಲುಮೆಯ ಮುಂದೆ. ಮಗಳು ನನ್ನ ಮುಖ ನೋಡಿ, "ಅಪ್ಪಾ, ಕೂತ್ಕೋತೀಯಾ?" ಅಂದಳು. ಬೇಡ ಅಂದೆ. ಅವಳಿಗೆ ತಾತನ ಕೆಲಸ ಏನೆಂದು ನಾನು ವಿವರವಾಗಿ ಹೇಳಿದ್ದು ಅವತ್ತೇ.

ಆ ನಡಿಗೆಗಳು ನನಗೆ ಕಲಿಸಿದ್ದು ಇಷ್ಟು. ಉಳಿದದ್ದೆಲ್ಲ ಹೆಚ್ಚಾಗಿ ಬಳಕೆಯಲ್ಲಿ ಇದ್ದುದರಿಂದ ಉಳಿದಿದೆ. ಬ್ಲಾಕ್ ಹೌಸಿನಲ್ಲಿ ಜನ ಅಡುಗೆ ಮಾಡಿದರು, ಅದು ಉಳಿಯಿತು. ಕಬ್ಬಿಣ ದಾಟಿಸಿದ ಸೇತುವೆಯ ಮೇಲೆ ಈಗ ಸೈಕಲ್ಲು ಹೋಗುತ್ತದೆ. ಹಳಿ ಹೋದ ಜಾಗ ಕಾಲುದಾರಿಯಾಗಿ ಬದುಕಿದೆ. ಎದುರಿನ ಗುಡ್ಡಕ್ಕೆ 1877ರಲ್ಲಿ ಹಾಕಿದ ಡುಕೇನ್ ಇನ್‌ಕ್ಲೈನ್ ಎಂಬ ಏರುಬಂಡಿ ಇಂದಿಗೂ ಜನರನ್ನು ಹತ್ತಿಸಿ ಇಳಿಸುತ್ತಿದೆ. ಗುಡಿಸಿ ಚೊಕ್ಕಟ ಮಾಡಿದ ಜಾಗದಲ್ಲಿ ಮಾತ್ರ ಹುಲ್ಲಿನ ಮೇಲೆ ಕಲ್ಲಿನ ಗೆರೆ ಎಳೆಯಬೇಕಾಯಿತು. ಪಾರ್ಕು ಸುಂದರವೇ, ನನ್ನ ಹೆಂಡತಿಗೆ ತೀರ್ಥಕ್ಷೇತ್ರವೂ ಆಯಿತು. ಆದರೆ ಊರಿನ ಪೂರ್ತಿ ಕತೆ ಹೇಳುವ ಶಕ್ತಿ ಇರುವುದು ಪಾರ್ಕಿನಿಂದ ಹೊರಡುವ ದಾರಿಗೆ. ಕೋಟೆ, ಜೈಲು, ಸೇತುವೆ, ಮಾಲು, ಪಂಪ್ ಹೌಸ್, ಕುಲುಮೆ ಎಲ್ಲವನ್ನೂ ಅದು ಆರಿಸದೆ ಒಂದೇ ನೂಲಿನಲ್ಲಿ ಪೋಣಿಸುತ್ತದೆ.

ಊರಿಗೆ ಮರಳಿದ ಮೇಲೆ ಈ ಹುಚ್ಚು ನನ್ನನ್ನು ಬಿಡಲಿಲ್ಲ. ಭದ್ರೆಯ ದಡ ಹಿಡಿದು ಹಳೇನಗರದ ಲಕ್ಷ್ಮೀನರಸಿಂಹ ದೇವಸ್ಥಾನದಿಂದ ಕಾರ್ಖಾನೆಯ ಬದಿಯಲ್ಲಿ ಹೊಳೆಹೊನ್ನೂರಿನ ಮೇಲೆ ಕೂಡ್ಲಿಯವರೆಗೆ ಒಂದು ಕಾಲುದಾರಿ ಮಾಡಿದರೆ ಹೇಗೆ? ಹೊಯ್ಸಳರ ಗುಡಿ, ವಿಶ್ವೇಶ್ವರಯ್ಯನವರ ಕುಲುಮೆ, ಅಡಿಕೆ ತೋಟ, ಗದ್ದೆ, ಕೊನೆಗೆ ಸಂಗಮ. ಅಪ್ಪನ ಜೊತೆ ಕೆಲಸ ಮಾಡಿದವರ ಮಗ, ನನ್ನ ಶಾಲೆಯ ಗೆಳೆಯನೊಬ್ಬನಿದ್ದಾನೆ, ತಾನೂ ಅದೇ ಕಾರ್ಖಾನೆಯಿಂದ ರಿಟೈರ್ ಆದವನು. 2023ರ ಜನವರಿಯಲ್ಲಿ ಕಾರ್ಖಾನೆ ಮುಚ್ಚುವ ತೀರ್ಮಾನ ಬಂದಾಗ ಕಾರ್ಮಿಕರ ಜೊತೆ ಧರಣಿಗೆ ಕೂತಿದ್ದ. ಆ ವರ್ಷವೇ ಮತ್ತೆ ಉತ್ಪಾದನೆ ಶುರುವಾದಾಗ ಫೋನು ಮಾಡಿ ಹೇಳಿದವನೂ ಅವನೇ. ಪಿಟ್ಸ್‌ಬರ್ಗಿನ ಫೋಟೋಗಳನ್ನು ಒಂದೊಂದಾಗಿ ತೋರಿಸಿ ನನ್ನ ಯೋಜನೆಯನ್ನು ಅವನ ಮುಂದೆ ಹರಡಿದೆ. ಕ್ಯಾರಿ ಫರ್ನೆಸಿನ ಫೋಟೋದಲ್ಲಿ ಮಾತ್ರ ಅವನು ಬಹಳ ಹೊತ್ತು ನಿಂತ. ಕೊಳವೆಯ ಮೇಲೆ ಬೆಳೆದ ಗಿಡವನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿ ನೋಡಿದ. ಆಮೇಲೆ ಫೋನು ನನ್ನ ಕೈಗೆ ಕೊಟ್ಟು ಅಂದ:

"ದಾರಿ ಮಾಡೋಣ ಮಾರಾಯ, ಬೇಡ ಅನ್ನಲ್ಲ. ಆದ್ರೆ ನಡೆಯೋವಾಗ ಪಕ್ಕದಲ್ಲಿ ಕಾರ್ಖಾನೆ ಸದ್ದು ಕೇಳ್ಬೇಕು. ಸದ್ದು ನಿಂತ ಮೇಲೆ ಮಾಡೋ ಪಾರ್ಕು ನಮ್ಗೆ ಬೇಡ."